ಎಸ್ಟೇಟಿನ ಯಜಮಾನರೆಲ್ಲ ಎಲ್ಲಿ ಹೋದರು?

ಕಥಾನಾಯಕನಿಗೆ ಎಸ್ಟೇಟ್ ಇರಲೇಬೇಕಿತ್ತು. ಚಿಕ್ಕಮಗಳೂರಾದರೂ ಸರಿ, ಕೊಡಗಾದರೂ ಸರಿ, ಕಾಫಿ ತೋಟದ ನಡುವೆ ಒಂದು ಬಂಗಲೆ, ಬಂಗಲೆಯ ಮುಂದೆ ಒಂದು ಕಾರು, ಕಾರಿನಿಂದ ಇಳಿಯುವ ಆರಡಿ ಎತ್ತರದ, ಸದಾ ಹುಬ್ಬು ಗಂಟಿಕ್ಕಿಕೊಂಡ, ಮಾತು ಕಡಿಮೆಯ ಯುವಕ. ಎಸ್ಟೇಟ್ ಇಲ್ಲದಿದ್ದರೆ ಅವನು ಡಾಕ್ಟರ್. ಡಾಕ್ಟರೂ ಅಲ್ಲದಿದ್ದರೆ ಫ್ಯಾಕ್ಟರಿ ಮಾಲೀಕ. ನಮ್ಮ ಅಪ್ಪಂದಿರೆಲ್ಲ ಗುಮಾಸ್ತರೇ ಆಗಿದ್ದರೂ ಗುಮಾಸ್ತನ ಮೇಲೆ ಯಾವ ನಾಯಕಿಗೂ ಪ್ರೀತಿ ಹುಟ್ಟಿದ್ದು ನಾನು ಓದಿಲ್ಲ. ನಾಯಕಿಯ ಅಪ್ಪ ಮಾತ್ರ ಖಂಡಿತ ರಿಟೈರಾದ ಮೇಷ್ಟ್ರು. ಮದುವೆಯಾಗಬೇಕಾದ ತಂಗಿ, ಇನ್ನೂ ಓದುತ್ತಿರುವ ತಮ್ಮ, ಮಲತಾಯಿ ಇದ್ದರೆ ಇನ್ನೂ ಒಳ್ಳೆಯದು. ಅವಳಿಗೆ ಸೊಂಟ ದಾಟಿದ ಜಡೆ, ಒಂದು ಡಿಗ್ರಿ, ಬೆಟ್ಟದಷ್ಟು ಸ್ವಾಭಿಮಾನ. ಮೊದಲ ಭೇಟಿಯಲ್ಲಿ ಜಗಳ. ನೂರನೇ ಪುಟದ ಹೊತ್ತಿಗೆ ಅಪಾರ್ಥ. ಆಮೇಲೆ ಜ್ವರ. ಇಬ್ಬರಲ್ಲಿ ಒಬ್ಬರಿಗಾದರೂ ಜ್ವರ ಬಂದು ಇನ್ನೊಬ್ಬರು ಹಣೆಗೆ ಒದ್ದೆ ಬಟ್ಟೆ ಹಾಕದೆ ಕನ್ನಡದಲ್ಲಿ ಪ್ರೇಮ ಹಣ್ಣಾಗುತ್ತಲೇ ಇರಲಿಲ್ಲ. ಕೊನೆಗೆ ಮದುವೆ.

ನಗು ಬರುತ್ತದೆ, ಗೊತ್ತು. ಆಗಲೂ ಬರುತ್ತಿತ್ತು. ಅಕ್ಕ ಮತ್ತು ನಾನು ಬೆನ್ನಪುಟದ ನಾಲ್ಕು ಸಾಲು ಓದಿ ಇಡೀ ಕಥೆ ಹೇಳಿಬಿಡುತ್ತಿದ್ದೆವು. ಹೇಳಿದ ಮೇಲೂ ಕೂತು ಓದುತ್ತಿದ್ದೆವು. ಏನಾಗುತ್ತದೆ ಎಂದು ತಿಳಿಯುವುದಕ್ಕೆ ಯಾರು ಓದುತ್ತಿದ್ದರು? ಆಗಲೇಬೇಕಾದದ್ದು ಆಗುವ ತನಕ ಎಷ್ಟು ಸತಾಯಿಸುತ್ತಾರೆ ಎಂದು ನೋಡುವುದಕ್ಕೆ ಓದುತ್ತಿದ್ದುದು. ಸತಾಯಿಸುವುದರಲ್ಲಿ ಸಾಯಿಸುತೆಯವರನ್ನು ಮೀರಿಸಿದವರಿಲ್ಲ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪ್ರತಿಯೊಂದರಲ್ಲೂ ನಾಯಕ ಬಾಯಿ ಬಿಟ್ಟು ‘ನೀನಂದ್ರೆ ನನಗಿಷ್ಟ’ ಎನ್ನಲು ಕನಿಷ್ಠ ನೂರೈವತ್ತು ಪುಟ ತೆಗೆದುಕೊಳ್ಳುತ್ತಿದ್ದನೇನೋ ಅನ್ನಿಸುತ್ತಿತ್ತು. ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ವಾಣಿ, ಈಚನೂರು ಜಯಲಕ್ಷ್ಮಿ, ತೆಲುಗಿನಿಂದ ಬಂದು ಕನ್ನಡದವರೇ ಆಗಿಹೋದ ಯಂಡಮೂರಿ ವೀರೇಂದ್ರನಾಥ್. ಇವರ ಹೆಸರುಗಳನ್ನು ನಾವು ಕ್ಲಾಸಿನ ಹುಡುಗಿಯರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಿದ್ದೆವು. ಮುಖಪುಟದ ಮೇಲೆ ಗಂಭೀರವಾಗಿ ‘ಸಾಮಾಜಿಕ ಕಾದಂಬರಿ’ ಎಂದು ಅಚ್ಚಾಗಿರುತ್ತಿತ್ತು. ಹದಿಹರೆಯದವರಿಗೆ ಎಂದು ಯಾರೂ ಬರೆಯಲಿಲ್ಲ, ಯಾರೂ ಮಾರಲಿಲ್ಲ. ಓದುತ್ತಿದ್ದವರು ಮಾತ್ರ ನಾವು, ಪಿಯುಸಿಯ ಹುಡುಗಿಯರು. ಜೊತೆಗೆ ನಮ್ಮಮ್ಮಂದಿರು, ಅವರೂ ಆ ಎರಡು ಗಂಟೆಯ ಮಟ್ಟಿಗೆ ಹದಿನೇಳರವರೇ.

ಎಂಬತ್ತರ ದಶಕದ ಹಾಸನದಲ್ಲಿ ಕಾಲೇಜು ಬಿಟ್ಟರೆ ನಾವು ಕೇಳದೆ ಹೋಗಬಹುದಾಗಿದ್ದ ಜಾಗ ಎರಡು: ದೇವಸ್ಥಾನ ಮತ್ತು ಸರ್ಕ್ಯುಲೇಟಿಂಗ್ ಲೈಬ್ರರಿ. ಲೈಬ್ರರಿ ಎಂದರೆ ಒಂದು ಮಳಿಗೆ, ಅಷ್ಟೆ. ಪಕ್ಕದಲ್ಲಿ ಹೊಲಿಗೆ ಅಂಗಡಿ, ಆ ಕಡೆ ಹಿಟ್ಟಿನ ಗಿರಣಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ಕಾಯಬೇಕು. ಡಿಪಾಜಿಟ್ ಕಟ್ಟಿ ಸದಸ್ಯರಾದರೆ ದಿನಕ್ಕೆ ಚಿಲ್ಲರೆ ಪೈಸೆ ಬಾಡಿಗೆ. ಬಾಡಿಗೆ ಉಳಿಸಲು ಒಂದೇ ರಾತ್ರಿಯಲ್ಲಿ ಮುಗಿಸಬೇಕು. ನಮ್ಮ ಪೀಳಿಗೆಯ ಹೆಂಗಸರು ಇಷ್ಟು ಬೇಗ ಓದುವುದು ಈ ಲೆಕ್ಕಾಚಾರದಿಂದಲೇ ಬಂದ ವಿದ್ಯೆ. ಲೈಬ್ರರಿಯ ಯಜಮಾನರಿಗೆ ಯಾರ ಮನೆಯಲ್ಲಿ ಯಾರು ಏನು ಓದಿದ್ದಾರೆ ಎಂಬುದು ಬಾಯಿಪಾಠ. ‘ಇದು ನಿಮ್ಮ ಅಕ್ಕ ತಗೊಂಡು ಹೋಗಿದ್ರಲ್ಲಮ್ಮ, ಬೇಸಿಗೆ ರಜದಲ್ಲಿ’ ಎನ್ನುತ್ತಿದ್ದರು. ಹೊಸ ಕಾದಂಬರಿ ಬಂದರೆ ಅದು ಕಪಾಟಿಗೆ ಏರುತ್ತಲೇ ಇರಲಿಲ್ಲ. ಮೇಜಿನ ಖಾನೆಯೊಳಗೆ ಇರುತ್ತಿತ್ತು, ಬೇಕಾದವರಿಗೆ ಮಾತ್ರ. ಆ ಖಾನೆಯಿಂದ ಪುಸ್ತಕ ಪಡೆಯುವ ಯೋಗ್ಯತೆ ಬರಲು ವರ್ಷಗಟ್ಟಲೆ ನಿಯತ್ತಿನಿಂದ ಬಾಡಿಗೆ ಕಟ್ಟಿರಬೇಕಿತ್ತು.

ಆ ಪುಸ್ತಕಗಳ ಮೈ ಹೇಗಿರುತ್ತಿತ್ತು ಎಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ತಂದ ದಿನವೇ ಯಜಮಾನರು ದಬ್ಬಳದಿಂದ ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದುಬಿಡುತ್ತಿದ್ದರು. ಹಾಗಾಗಿ ಒಳಮೂಲೆಯ ಅಕ್ಷರಗಳು ಹೊಲಿಗೆಯೊಳಗೆ ಹೂತುಹೋಗಿ ಸಾಲಿನ ಮೊದಲ ಪದವನ್ನು ನಾವೇ ಊಹಿಸಬೇಕಿತ್ತು. ರಟ್ಟಿಗೆ ಕಂದು ಕಾಗದ. ಹದಿನೇಳನೇ ಪುಟದ ಮೇಲೋ ಮೂವತ್ತನೇ ಪುಟದ ಮೇಲೋ ಲೈಬ್ರರಿಯ ಮೊಹರು. ಅದರ ಸುತ್ತ ಚಿಕ್ಕ ಚಿಕ್ಕ ಗುರುತುಗಳು: ಒಂದು ನಕ್ಷತ್ರ, ಒಂದು ‘ಸು’, ಪೆನ್ಸಿಲಿನ ಒಂದು ಹೂವು, ಎರಡು ಅಡ್ಡಗೆರೆ. ಇವು ಓದಿದವರು ಇಟ್ಟ ಗುರುತು, ಮರೆತು ಅದೇ ಪುಸ್ತಕವನ್ನು ಮತ್ತೆ ಬಾಡಿಗೆಗೆ ತರಬಾರದೆಂದು. ನಮ್ಮಮ್ಮನದು ತುಳಸಿಕಟ್ಟೆಯ ಚಿತ್ರ. ಪುಟ ತೆರೆದು ತುಳಸಿಕಟ್ಟೆ ಕಂಡರೆ ವಾಪಸ್ ಇಟ್ಟುಬಿಡುವುದು. ಆ ನಕ್ಷತ್ರ ಯಾರದು, ಹೂವು ಯಾರದು ಎಂದು ನಮಗೆ ಕೊನೆಗೂ ತಿಳಿಯಲಿಲ್ಲ. ಆದರೆ ‘ಸು’ ಓದಿದ್ದಾರೆ ಎಂದರೆ ಪುಸ್ತಕ ಚೆನ್ನಾಗಿದೆ ಎಂದು ಲೆಕ್ಕ. ಅಂಚಿನಲ್ಲಿ ಬರೆಯುವವರೂ ಇದ್ದರು. ನಾಯಕಿ ಸೂಟ್‌ಕೇಸ್ ಹಿಡಿದು ಮನೆ ಬಿಟ್ಟು ಹೊರಡುವಲ್ಲಿ ಯಾರೋ ‘ಹೋಗಬೇಡ ಕಣೆ’ ಎಂದು ನೀಲಿ ಶಾಯಿಯಲ್ಲಿ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಹೋಗಲಿ ಬಿಡಿ, ಅವನಿಗೆ ಬುದ್ಧಿ ಬರಲಿ’. ಕೊನೆಯ ಪುಟ ಹರಿದುಹೋಗಿದ್ದರೆ ಯಾರಾದರೂ ಪುಣ್ಯಾತ್ಮರು ರಟ್ಟಿನ ಒಳಬದಿಯಲ್ಲಿ ಎರಡು ಸಾಲಿನಲ್ಲಿ ಮದುವೆ ಮಾಡಿಸಿರುತ್ತಿದ್ದರು.

ಲೈಬ್ರರಿಗೆ ಬರುವ ಮೊದಲು ಇವುಗಳಲ್ಲಿ ಎಷ್ಟೋ ಕಾದಂಬರಿಗಳು ವಾರಪತ್ರಿಕೆಗಳಲ್ಲಿ ಧಾರಾವಾಹಿಗಳಾಗಿ ಬಂದಿರುತ್ತಿದ್ದವು. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’, ‘ಪ್ರಜಾಮತ’, ‘ಮಂಗಳ’. ವಾರಕ್ಕೆ ಮೂರು ನಾಲ್ಕು ಪುಟ, ‘ಮುಂದುವರಿಯುವುದು’ ಎಂಬ ಆ ಕೆಟ್ಟ ಪದ, ಪುಟದ ನಡುವೆ ಪ.ಸ. ಕುಮಾರ್ ಅವರಂಥ ಕಲಾವಿದರ ಚಿತ್ರ. ನಮ್ಮ ಚಿಕ್ಕಮ್ಮ ಪತ್ರಿಕೆಯ ಪಿನ್ನು ಬಿಚ್ಚಿ ಧಾರಾವಾಹಿಯ ಹಾಳೆಗಳನ್ನಷ್ಟೇ ತೆಗೆದು ಹಾಸಿಗೆಯಡಿ ಇಡುತ್ತಿದ್ದಳು. ಮುಗಿದ ಮೇಲೆ ಬೈಂಡ್ ಮಾಡಿಸುವುದು. ಅಂಥದ್ದೊಂದು ಸಂಪುಟ ನನ್ನ ಬಳಿ ಇನ್ನೂ ಇದೆ. ಬಲಪುಟದಲ್ಲಿ ನಾಯಕ ನಾಯಕಿಯ ಕೈ ಹಿಡಿಯುತ್ತಾನೆ. ಹಾಳೆ ತಿರುಗಿಸಿದರೆ ಹಾಗಲಕಾಯಿ ಗೊಜ್ಜು ಮಾಡುವ ವಿಧಾನ, ಅದೂ ಅರ್ಧ. ಇನ್ನೊಂದು ಕಡೆ ಅಪ್ಪ ಸಾಯುವ ದೃಶ್ಯದ ಬೆನ್ನಿಗೇ ವಾರಭವಿಷ್ಯ, ವೃಶ್ಚಿಕದಿಂದ ಮೀನದವರೆಗೆ. ಒಂದು ವಾರದ ಕಂತು ಇಲ್ಲ. ಆ ವಾರ ಯಾರೋ ನೆಂಟರು ಪತ್ರಿಕೆ ಓದಲು ಒಯ್ದವರು ಹಿಂದಿರುಗಿಸಲಿಲ್ಲವಂತೆ. ಅವರ ಮನೆಯ ಮದುವೆಗೂ ಹೋಗಲಿಲ್ಲ ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾಳೆ.

ಓದುತ್ತಿದ್ದುದಕ್ಕೆ ನಾವು ಬೈಗುಳ ತಿಂದದ್ದೂ ಕಡಿಮೆಯಲ್ಲ. ಮನೆಯಲ್ಲಿ ‘ಇದನ್ನೆಲ್ಲ ಓದಿ ತಲೆ ಕೆಡಿಸ್ಕೋಬೇಡ’. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ‘ಇದೂ ಒಂದು ಸಾಹಿತ್ಯವಾ?’ ಎಂದು ಮೂಗು ಮುರಿಯುತ್ತಿದ್ದರು. ಹೆಂಗಸರ ಕಾದಂಬರಿಗಳನ್ನು ಒಟ್ಟಾಗಿ ಅಡುಗೆಮನೆ ಸಾಹಿತ್ಯ ಎಂದು ಪಕ್ಕಕ್ಕೆ ಸರಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಗೆ ಸರಿಸಿದ ರಾಶಿಯಲ್ಲೇ ತ್ರಿವೇಣಿಯವರೂ ಇದ್ದರು ಎಂಬುದು ಅವರಿಗೆ ತಡವಾಗಿ ಹೊಳೆಯಿತು. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡ ಆ ಹೆಣ್ಣುಮಗಳು ‘ಶರಪಂಜರ’ ಬರೆದಳು, ‘ಬೆಕ್ಕಿನ ಕಣ್ಣು’ ಬರೆದಳು. ‘ಬೆಳ್ಳಿಮೋಡ’ವನ್ನೇ ನೋಡಿ. ನಾನು ಮೇಲೆ ಹಾಸ್ಯ ಮಾಡಿದ ಸಾಮಾನೆಲ್ಲ ಅದರಲ್ಲಿದೆ: ಎಸ್ಟೇಟ್ ಇದೆ, ವಿದೇಶದಲ್ಲಿ ಓದಿ ಬಂದ ಹುಡುಗ ಇದ್ದಾನೆ. ಆದರೆ ಎಸ್ಟೇಟ್ ಇಲ್ಲಿ ಹುಡುಗಿಯ ಕಡೆಯದು. ತಡವಾಗಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪಿತೆಂದು ಹುಡುಗ ಹಿಂದೆ ಸರಿಯುತ್ತಾನೆ, ಮುಂದೆ ಪಶ್ಚಾತ್ತಾಪಪಟ್ಟು ಬಂದಾಗ ಇಂದಿರೆ ಒಲ್ಲೆ ಎನ್ನುತ್ತಾಳೆ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಅದನ್ನು ತೆರೆಗೆ ತಂದಾಗ ಕಲ್ಪನಾ ‘ಒಲ್ಲೆ’ ಎಂದದ್ದನ್ನು ನಮ್ಮಮ್ಮ ಟಾಕೀಸಿನಲ್ಲಿ ನೋಡಿ ಬಂದಿದ್ದಳು. ಲೈಬ್ರರಿಯಲ್ಲಿ ಆ ಪುಸ್ತಕ ಇರುತ್ತಿದ್ದುದು ಸಾಯಿಸುತೆಯ ಪಕ್ಕದಲ್ಲೇ. ಕೈ ಒಂದಿಷ್ಟು ಆ ಕಡೆ ಸರಿದರೆ ಸಾಕಿತ್ತು. ನಾನು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಓದಿದ್ದು ಹಾಗೆಯೇ, ಪ್ರೇಮಕಥೆ ಇರಬಹುದೆಂದು ತಂದು.

ಹಾಗೆಂದು ಎಲ್ಲವನ್ನೂ ಹೊಗಳಲಾರೆ. ಜಾತಿಯ ಹೆಸರೇ ಎತ್ತದ ಆ ಪುಸ್ತಕಗಳಲ್ಲಿ ಎಲ್ಲರ ಮನೆಯಲ್ಲೂ ಒಂದೇ ಬಗೆಯ ಹುಳಿ ಕುದಿಯುತ್ತಿತ್ತು, ಒಂದೇ ಬಗೆಯ ಹಬ್ಬಗಳು. ನಾಯಕ ಕೆನ್ನೆಗೆ ಬಾರಿಸಿದರೆ ಅದನ್ನು ಪ್ರೀತಿಯ ಲೆಕ್ಕಕ್ಕೆ ಹಾಕುತ್ತಿದ್ದರು. ಎಂ.ಎ. ಮಾಡಿದವಳು ಮದುವೆಯಾದ ಮೇಲೆ ರಾಜೀನಾಮೆ ಬರೆದುಕೊಡುತ್ತಿದ್ದಳು, ನಗುನಗುತ್ತಲೇ. ಇವೆಲ್ಲ ನಮ್ಮ ತಲೆಯೊಳಗೂ ಒಂದಿಷ್ಟು ಇಳಿದಿರಲೇಬೇಕು. ಆದರೆ ಆಫೀಸಿಗೆ ಹೋಗುವ, ಬಸ್ಸಿಗೆ ಕಾಯುವ, ಸಂಬಳದ ದಿನ ತಂಗಿಗೆ ಲಂಗದ ಬಟ್ಟೆ ತರುವ ಹುಡುಗಿಯೊಬ್ಬಳು ಕಥೆಯ ನಡುಮಧ್ಯದಲ್ಲಿ ಇರಬಹುದು, ಅವಳ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಇನ್ನೂರು ಪುಟ ಬರೆಯಬಹುದು ಎಂದು ತೋರಿಸಿದವರೂ ಇವರೇ.

ಸಿನಿಮಾದವರಿಗೆ ಮಾತ್ರ ಇವುಗಳ ಬೆಲೆ ಗೊತ್ತಿತ್ತು. ಉಷಾ ನವರತ್ನರಾಂ ಅವರ ‘ಹೊಂಬಿಸಿಲು’, ‘ಬಂಧನ’, ವಾಣಿಯವರ ‘ಎರಡು ಕನಸು’, ‘ಶುಭಮಂಗಳ’, ‘ಹೊಸ ಬೆಳಕು’ ಎಲ್ಲ ಸಿನಿಮಾಗಳಾದವು; ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’ 1986ರಲ್ಲಿ ರಾಜ್‌ಕುಮಾರ್ ಅವರ ‘ಅನುರಾಗ ಅರಳಿತು’ ಆಯಿತು. 1984ರಲ್ಲಿ ‘ಬಂಧನ’ ಬಂದಾಗ ವಿಷ್ಣುವರ್ಧನ್‌ಗಾಗಿ ಅತ್ತವರು ಮರುದಿನ ಲೈಬ್ರರಿಗೆ ಹೋಗಿ ಪುಸ್ತಕ ಕೇಳುತ್ತಿದ್ದರು. ಪುಸ್ತಕ ಓದಿ ಸಿನಿಮಾ ನೋಡಿದವರು ‘ಪುಸ್ತಕವೇ ಚೆನ್ನಾಗಿತ್ತು’ ಎಂದು ಬೀಗುತ್ತಿದ್ದರು. 1995ರ ‘ಬೆಳದಿಂಗಳ ಬಾಲೆ’, ಯಂಡಮೂರಿಯವರ ಕಥೆ, ಕೊನೆವರೆಗೂ ಮುಖ ತೋರದೆ ಫೋನಿನಲ್ಲೇ ಮಾತಾಡುವ ಹುಡುಗಿ. ಈಗ ಯೋಚಿಸಿದರೆ ಅದೇ ಆ ಕಾಲದ ಕೊನೆಯ ದೊಡ್ಡ ಪ್ರೇಮಕಥೆ ಎನ್ನಿಸುತ್ತದೆ. ಅದರ ಹಿಂದಿನ ವರ್ಷವೇ ಉದಯ ಟಿವಿ ಶುರುವಾಗಿತ್ತು.

ಧಾರಾವಾಹಿ ಎಂಬುದು ಪತ್ರಿಕೆಯಿಂದ ಪೆಟ್ಟಿಗೆಯೊಳಗೆ ಹೋಗಲು ಹೆಚ್ಚು ವರ್ಷ ಹಿಡಿಯಲಿಲ್ಲ. 1998ರಲ್ಲಿ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, 2000ದಲ್ಲಿ ಈಟಿವಿ ಕನ್ನಡ, ಆಮೇಲೆ ಸಂಜೆಯೆಲ್ಲ ಮೆಗಾ ಸೀರಿಯಲ್ಲು. ವಾರವಿಡೀ ಕಾಯುವ ಕೆಲಸವೇ ತಪ್ಪಿತು. ಅಮ್ಮನ ಓದಿನ ಹೊತ್ತು ಹೋದದ್ದು ಅಲ್ಲಿಗೆ. ಲೈಬ್ರರಿಯ ಯಜಮಾನರು ಸ್ವಲ್ಪ ಕಾಲ ಸಿ.ಡಿ. ಬಾಡಿಗೆಗೆ ಕೊಟ್ಟರು, ಆಮೇಲೆ ಮೊಬೈಲ್ ರೀಚಾರ್ಜ್ ಮಾಡಿದರು, ಆಮೇಲೆ ಬಾಗಿಲು ಹಾಕಿದರು. ಪುಸ್ತಕಗಳನ್ನು ತೂಕಕ್ಕೆ ಹಾಕಿದರೆಂದು ಕೇಳಿದೆ. ಅಮ್ಮನ ತುಳಸಿಕಟ್ಟೆಗಳೆಲ್ಲ ಅದರಲ್ಲೇ ಹೋದವು.

ಟಿವಿಯನ್ನು ಬೈಯುವುದು ಸುಲಭ. ನನಗನ್ನಿಸುವುದು, ಪೆಟ್ಟು ಬಿದ್ದದ್ದು ಬೇರೆ ಕಡೆ. ಪ್ರೇಮಕಥೆ ಸರಸರ ಓದಬೇಕಾದ ಸರಕು. ಓದುವ ಕಣ್ಣು ಅಕ್ಷರದ ಮೇಲೆ ನಿಲ್ಲಲೇಬಾರದು, ಜಾರಬೇಕು. ಒತ್ತಕ್ಷರವನ್ನು ಕೂಡಿಸಿ ಕೂಡಿಸಿ ಓದುವವರಿಗೆ ನಾಯಕನ ಕೈ ನಾಯಕಿಯ ಕೈ ಮುಟ್ಟುವ ಹೊತ್ತಿಗೆ ಕಾಫಿ ಆರಿರುತ್ತದೆ. ಕನ್ನಡವನ್ನು ಒಂದು ಸಬ್ಜೆಕ್ಟಾಗಿ ಮಾತ್ರ ಓದಿದ ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡದಲ್ಲಿ ಜಗಳವಾಡಬಲ್ಲರು, ಹಾಡಬಲ್ಲರು, ಪ್ರೀತಿಸಲೂ ಬಲ್ಲರು. ರಾತ್ರೋರಾತ್ರಿ ಇನ್ನೂರು ಪುಟ ಮುಗಿಸಲಾರರು. ಆ ವೇಗ ಬರುವುದಾದರೂ ಹೇಗೆ? ನಮಗೆ ಅದು ಬಂದದ್ದು ಕುವೆಂಪು ಅವರನ್ನು ಓದಿ ಅಲ್ಲ, ಇಂಥ ಹಗುರ ಪುಸ್ತಕಗಳನ್ನು ಕದ್ದುಮುಚ್ಚಿ ಓದಿಯೇ. ಬಂದ ವೇಗವನ್ನು ಇಟ್ಟುಕೊಂಡು ಆಮೇಲೆ ಕುವೆಂಪು ಅವರ ಹತ್ತಿರ ಹೋದೆವು.

ಪ್ರೇಮಕಥೆ ಬರೆಯುವವರು ಇಲ್ಲವೆಂದಲ್ಲ. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ‘ಪ್ರತಿಲಿಪಿ’ ಆ್ಯಪಿನಲ್ಲಿ ಕನ್ನಡದ ಕಂತುಗಳಿಗೇನೂ ಬರವಿಲ್ಲ, ಗೃಹಿಣಿಯರು, ಕಾಲೇಜು ಹುಡುಗಿಯರು ಫೋನಿನಲ್ಲೇ ಬರೆದು ಫೋನಿನಲ್ಲೇ ಓದುತ್ತಾರೆ. ಅಲ್ಲಿ ಎಸ್ಟೇಟಿನ ಯಜಮಾನ ಈಗ ಕಂಪನಿಯ ಸಿಇಒ. ಒಳ್ಳೆಯದೇ. ನನ್ನ ತಕರಾರು ಇಷ್ಟೆ: ಪತ್ರಿಕೆಯ ಸಂಪಾದಕರೊಬ್ಬರು ‘ಇಲ್ಲಿಗೆ ಮುಗಿಸಮ್ಮ’ ಎನ್ನುತ್ತಿದ್ದರಲ್ಲ, ಹಾಗೆ ಹೇಳುವವರು ಇಲ್ಲದೆ ಕಥೆಗಳು ಬೆಳೆದು ಬೆಳೆದು ಜೋಲುತ್ತವೆ. ಇನ್ನು ಅಚ್ಚಿನ ಕಡೆಗೆ ಬಂದರೆ, ಇವತ್ತಿನ ಕನ್ನಡ ಕಾದಂಬರಿಗೆ ಪ್ರಶಸ್ತಿ ಸಿಗುತ್ತದೆ, ಚರ್ಚೆ ನಡೆಯುತ್ತದೆ, ಇಂಗ್ಲಿಷಿಗೂ ಹೋಗುತ್ತದೆ. ಅದನ್ನು ಪಿಯುಸಿ ಹುಡುಗಿ ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದುವುದನ್ನು ನಾನು ಕಾಣೆ. ಬಚ್ಚಿಡುವಂಥದ್ದು ಏನೂ ಇರುವುದಿಲ್ಲ ಅದರಲ್ಲಿ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಎರಡನೇ ಪಿಯುಸಿ. ಇಂಗ್ಲಿಷಿನ ಕಾಲೀನ್ ಹೂವರ್, ಜಾನ್ ಗ್ರೀನ್, ಇನ್ನೂ ಯಾರ್ಯಾರೋ, ಎರಡು ದಿನಕ್ಕೊಂದು ಮುಗಿಸುತ್ತಾಳೆ. ಥೇಟ್ ಅವಳಮ್ಮನ ಹಾಗೆ, ಊಟದ ತಟ್ಟೆಯ ಪಕ್ಕ ಪುಸ್ತಕ. ಈ ದಸರಾ ರಜದಲ್ಲಿ ಅವಳಿಗೆ ‘ಬೆಳ್ಳಿಮೋಡ’ ಕೊಟ್ಟೆ. ಮೊದಲ ಅಧ್ಯಾಯ ತಾನೇ ಓದಿದಳು, ಬೆರಳಿಟ್ಟುಕೊಂಡು. ಎರಡನೆಯದಕ್ಕೆ ‘ಚಿಕ್ಕಮ್ಮಾ, ನೀವೇ ಓದಿ’ ಅಂದಳು. ರಾತ್ರಿ ಹೊತ್ತು ಓದಿ ಹೇಳಿದೆ. ಮಧ್ಯೆ ಮಧ್ಯೆ ಆ ಹುಡುಗನನ್ನು ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು, ಇಂದಿರೆ ಒಲ್ಲೆ ಎಂದಾಗ ಎದ್ದು ಕೂತು ಚಪ್ಪಾಳೆ ತಟ್ಟಿದಳು. ಆಮೇಲೆ ಕೇಳಿದಳು, ‘ಇದೇ ಥರದ್ದು ಈಗಿನ ಕಾಲದ್ದು ಯಾವುದಿದೆ ಚಿಕ್ಕಮ್ಮ? ನನ್ನ ವಯಸ್ಸಿನವರದ್ದು, ಕನ್ನಡದಲ್ಲಿ?’ ನಾನು ತಲೆ ಕೆರೆದುಕೊಂಡೆ. ಒಂದೆರಡು ಹೆಸರು ಹೇಳಿದೆ. ಅವು ಅವಳಿಗಲ್ಲ, ನನ್ನ ವಯಸ್ಸಿನವರಿಗೆ ಎಂದು ಹೇಳುತ್ತಿರುವಾಗಲೇ ಗೊತ್ತಾಯಿತು. ನನ್ನ ಪುಸ್ತಕದಂಗಡಿಯ ಗೆಳೆಯರಿಗೆ ಫೋನ್ ಮಾಡಿ ವಿಚಾರಿಸಿದೆ. ಅವರು ಸ್ವಲ್ಪ ಯೋಚಿಸಿ, ಸಾಯಿಸುತೆಯವರದ್ದು ಮರುಮುದ್ರಣ ಬಂದಿದೆ ಮೇಡಂ, ಕಳಿಸಲಾ ಅಂದರು.