ಸೂಜಿ ಮಾಡುವ ಕೈಯ ಮಾತು

ಮುಧೋಳ ಸೀಮೆಯ ದವಾಖಾನೆಗಳಲ್ಲಿ ಜನ ಕಾಯಿಲೆಯ ಹೆಸರು ಕೇಳುತ್ತಿದ್ದದ್ದು ಕಡಿಮೆ, ಸೂಜಿ ಕೇಳುತ್ತಿದ್ದದ್ದೇ ಹೆಚ್ಚು. ‘ಅಕ್ಕಾರ, ಒಂದ ಸೂಜಿ ಮಾಡಿ ಕಳಸ್ರಿ, ನಾಳೆ ಕಬ್ಬಿಗೆ ನೀರ ಹಾಯಸೂದೈತಿ’ ಅನ್ನುವ ಮಾತು ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತಿತ್ತೋ. ಬರೀ ಗುಳಿಗೆ ಕೊಟ್ಟು ಕಳಿಸಿದರೆ ಡಾಕ್ಟರು ಸರಿಯಾಗಿ ನೋಡಲಿಲ್ಲ ಎಂದೇ ಜನರ ಲೆಕ್ಕ. ನಾನು ನರ್ಸ್ ಕೆಲಸಕ್ಕೆ ಸೇರಿದಾಗ ಮುಧೋಳ ಇನ್ನೂ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಆಗ ಗಾಜಿನ ಸಿರಿಂಜು. ಬೆಳಿಗ್ಗೆ ಬಂದವರ ಮೊದಲ ಕೆಲಸವೇ ಸ್ಟೆರಿಲೈಜರಿನಲ್ಲಿ ಸಿರಿಂಜು, ಸೂಜಿ ಕುದಿಯಲು ಇಡುವುದು. ಪೆನಿಸಿಲಿನ್ ಕೊಡಬೇಕಾದರೆ ಬಾಟ್ಲಿಯ ಪುಡಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ನೊರೆ ಏಳದಂತೆ ಅಂಗೈಯಲ್ಲಿ ಹೊರಳಿಸಿ ಕರಗಿಸಬೇಕು. ಔಷಧ ಒಗ್ಗುತ್ತದೆಯೇ ನೋಡಲು ಮುಂಗೈ ಚರ್ಮದೊಳಗೆ ಒಂದು ಚೂರು ಬಿಟ್ಟು, ಸುತ್ತ ಪೆನ್ನಿನಿಂದ ಗೆರೆ ಎಳೆದು, ಕೆಂಪಗೆ ಉಬ್ಬುತ್ತದೆಯೇ ಎಂದು ಕಾಯಬೇಕು. ಆಮೇಲೆ ಆರು ತಾಸಿಗೊಂದು ಡೋಸು. ರಾತ್ರಿ ಎರಡಕ್ಕೆ ರೋಗಿಯನ್ನು ಎಬ್ಬಿಸಿದರೆ ಜೊತೆಗಿದ್ದವರು ಗೊಣಗುತ್ತಿದ್ದರು. ಆದರೆ ಪೆನಿಸಿಲಿನ್ ಬೇಗ ಮೂತ್ರದಲ್ಲಿ ಹೊರಗೆ ಹೋಗುವ ಔಷಧ. ಒಂದು ಡೋಸು ತಡವಾದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ, ಉಳಿದ ರೋಗಾಣುಗಳು ಸುಧಾರಿಸಿಕೊಳ್ಳುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಅಪಾಯ ಹೇಳಿದ್ದರು: ಸಾಲದಷ್ಟು ಔಷಧ ಕೊಟ್ಟರೆ ರೋಗಾಣು ಸಾಯುವುದಿಲ್ಲ, ಔಷಧ ತಡೆದುಕೊಳ್ಳುವುದನ್ನು ಕಲಿಯುತ್ತದೆ. ನಮಗೆ ತರಬೇತಿಯಲ್ಲಿ ಡೋಸಿನ ಸಮಯ ಹೇಳಿಕೊಟ್ಟಿದ್ದರು. ಅದು ಯಾಕೆ ಅಷ್ಟು ಮುಖ್ಯ ಎಂದು ಯಾರೂ ಹೇಳಿರಲಿಲ್ಲ.

ಮೊದಲ ದೊಡ್ಡ ಬದಲಾವಣೆ ಬಂದದ್ದು ಎಚ್‌ಐವಿಯ ಭಯದಿಂದ. ರಾಜ್ಯದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ‘ಹೊಸಾ ಸೂಜಿ ಐತಿಲ್ರಿ?’ ಎಂದು ಜನರೇ ಕೇಳತೊಡಗಿದರು. ಗಾಜಿನ ಸಿರಿಂಜು ಮೂಲೆ ಸೇರಿತು, ಒಂದೇ ಸಲ ಬಳಸುವ ಪ್ಲಾಸ್ಟಿಕ್ ಸಿರಿಂಜು ಬಂತು. ಸೂಜಿ ಶುದ್ಧವಾಯಿತು, ಆದರೆ ಸೂಜಿಗಳ ಸಂಖ್ಯೆ ಇಳಿಯಲಿಲ್ಲ. ಕುದಿಸುವ ಕೆಲಸ ತಪ್ಪಿದ್ದರಿಂದ ಏರಿತು ಎಂದೇ ನನ್ನ ಅನಿಸಿಕೆ. ಅದೇ ಹೊತ್ತಿಗೆ ದಿನಕ್ಕೆ ಒಂದೆರಡು ಸಲ ಕೊಟ್ಟರೆ ಸಾಕಾಗುವ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಸೂಜಿ ಅಗ್ಗವಾಗಿ ಸಿಗತೊಡಗಿತು. ವೈರಸ್ಸಿನಿಂದ ಬಂದ ಜ್ವರಕ್ಕೆ ಆ್ಯಂಟಿಬಯಾಟಿಕ್ಕಿನಿಂದ ಏನೂ ಉಪಯೋಗವಿಲ್ಲ. ಆದರೂ ನೆಗಡಿ ಜ್ವರಕ್ಕೂ ಅದೇ, ಹೊಟ್ಟೆ ಕೆಟ್ಟರೂ ಅದೇ, ಸಿಸೇರಿಯನ್ ಆದವರಿಗೆ ಹೊಲಿಗೆ ಬಿಚ್ಚುವವರೆಗೂ ಅದೇ.

ಇದನ್ನು ಹತ್ತಿರದಿಂದ ಕಂಡವರು ನರ್ಸುಗಳು. ಡಾಕ್ಟರು ರೌಂಡ್ಸಿಗೆ ಬಂದು ಕೇಸ್ ಪೇಪರಿನಲ್ಲಿ ‘ಸಿ.ಟಿ. ಆಲ್’ ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ನಿನ್ನೆಯದೆಲ್ಲ ಇವತ್ತೂ ಇರಲಿ ಎಂದು ಅರ್ಥ. ಅದು ಎಷ್ಟನೇ ದಿನ, ಜ್ವರ ಬಿಟ್ಟು ಎಷ್ಟು ದಿನವಾಯಿತು, ರೋಗಿ ಊಟ ಮಾಡುತ್ತಿದ್ದಾನೆಯೇ, ಗುಳಿಗೆಗೆ ಇಳಿಸಬಹುದೇ ಎಂಬ ಲೆಕ್ಕವೆಲ್ಲ ಟ್ರೇ ಹಿಡಿದ ನಮ್ಮ ಬಳಿ ಇರುತ್ತಿತ್ತು. ಕೇಳುವವರಿರಲಿಲ್ಲ. ಕೇಳದೆ ಹೇಳಿದರೆ ‘ನೀವು ಆರ್ಡರ್ ಫಾಲೋ ಮಾಡ್ರಿ ಸಿಸ್ಟರ್’ ಎಂಬ ಉತ್ತರ.

ಒಂದು ಹಂಗಾಮಿನ ಮಾತು ಹೇಳಬೇಕು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಹೊಲದ ಬದಿಯಲ್ಲೇ ಗುಡಿಸಲು ಹಾಕಿಕೊಂಡಿರುತ್ತವೆ. ಆ ಗ್ಯಾಂಗಿನ ಒಬ್ಬ ಹುಡುಗ ಎಡಗೈಗೆ ಏಟು ಮಾಡಿಕೊಂಡು, ಅರಿಷಿಣ ಮೆತ್ತಿ, ಕೈ ಬಾತು ಕೀವಾದ ಮೇಲೆ ಬಂದ. ಕೀವು ತೆಗೆದು ಸೆಫ್ಟ್ರಿಯಾಕ್ಸೋನ್ ಶುರುವಾಯಿತು. ದಿನ ಕಳೆದರೂ ಜ್ವರ ಇಳಿಯಲಿಲ್ಲ, ಬ್ಯಾಂಡೇಜು ಬಿಚ್ಚಿದಾಗಲೆಲ್ಲ ಹೊಸ ಕೀವು. ಡ್ರೆಸ್ಸಿಂಗ್ ಮಾಡುತ್ತಿದ್ದ ನಮ್ಮ ಹಿರಿಯ ಸಿಸ್ಟರ್ ಹೊಸದಾಗಿ ಬಂದಿದ್ದ ಡಾಕ್ಟರಿಗೆ ನೇರವಾಗಿ ಹೇಳಿದರು, ‘ಸರ, ಇದಕ್ಕ ಈ ಔಷಧ ಹತ್ತವಲ್ದು. ಕೀವು ಕಲ್ಚರಿಗೆ ಕಳಸೂಣು.’ ಆ ಡಾಕ್ಟರು ಒಪ್ಪಿದರು. ಕೀವಿನ ರೋಗಾಣು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡಲು ಸ್ಯಾಂಪಲ್ಲು ಬಾಗಲಕೋಟೆಗೆ ಹೋಯಿತು. ವರದಿ ಬಂದಾಗ ನಾವು ಕೊಡುತ್ತಿದ್ದ ಔಷಧದ ಮುಂದೆ ‘ರೆಸಿಸ್ಟೆಂಟ್’ ಎಂದಿತ್ತು. ‘ಸೆನ್ಸಿಟಿವ್’ ಎಂದಿದ್ದ ಹೆಸರುಗಳಲ್ಲಿ ಹಳೆಯ, ಅಗ್ಗದ ಡಾಕ್ಸಿಸೈಕ್ಲಿನ್ ಇತ್ತು. ಸಲಾಯಿನ್ ತೆಗೆದು ಗುಳಿಗೆ ಕೊಟ್ಟರು. ಹುಡುಗ ವಾಸಿಯಾಗಿ ಗ್ಯಾಂಗಿಗೆ ಮರಳಿದ. ಅವತ್ತಿನಿಂದ ಆ ಡಾಕ್ಟರು ರೌಂಡ್ಸಿನಲ್ಲಿ ಪ್ರತಿ ಹಾಸಿಗೆಯ ಬಳಿ ಸಿಸ್ಟರ್ ಕಡೆ ತಿರುಗಿ ‘ಎಷ್ಟನೇ ದಿನ ರೀ ಇವತ್ತು?’ ಎಂದು ಕೇಳತೊಡಗಿದರು. ಅವರ ಮೇಲೆ ನನಗೆ ಇವತ್ತಿಗೂ ಗೌರವ.

ಹೊರಗೂ ಗಾಳಿ ಬದಲಾಗುತ್ತಿತ್ತು. 2014ರ ಮಾರ್ಚಿನಿಂದ ಷೆಡ್ಯೂಲ್ ಎಚ್1 ನಿಯಮ ಬಂದು, ಪ್ರಬಲ ಆ್ಯಂಟಿಬಯಾಟಿಕ್ ಮಾರಿದ ಔಷಧ ಅಂಗಡಿಯವರು ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು ಬರೆದಿಡಬೇಕಾಯಿತು. 2017ರಲ್ಲಿ ಕೇಂದ್ರ ಸರ್ಕಾರ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವುದನ್ನು ತಡೆಯಲು ರಾಷ್ಟ್ರೀಯ ಕ್ರಿಯಾ ಯೋಜನೆ ಹೊರಡಿಸಿತು. ಅದೇ ವರ್ಷ ಅಮೆರಿಕದ ನರ್ಸುಗಳ ಸಂಘವೂ ಅಲ್ಲಿನ ರೋಗ ನಿಯಂತ್ರಣ ಕೇಂದ್ರವೂ ಸೇರಿ, ಆಸ್ಪತ್ರೆಗಳಲ್ಲಿ ಆ್ಯಂಟಿಬಯಾಟಿಕ್ ಕಾಯುವ ಕೆಲಸದಲ್ಲಿ ನರ್ಸುಗಳಿಗೂ ಜಾಗ ಇರಬೇಕು ಎಂದು ವರದಿ ಬರೆದವು. ಅದರಲ್ಲಿರುವ ಕೆಲಸಗಳು ನಮ್ಮ ವಾರ್ಡಿನವೇ: ಮೊದಲ ಡೋಸಿಗೆ ಮುಂಚೆ ಕಲ್ಚರಿಗೆ ಸ್ಯಾಂಪಲ್ ತೆಗೆಯುವುದು, ಔಷಧ ಒಗ್ಗದಿದ್ದ ಇತಿಹಾಸ ಸರಿಯಾಗಿ ಕೇಳುವುದು, ಸೂಜಿಯಿಂದ ಗುಳಿಗೆಗೆ ಯಾವಾಗ ಇಳಿಸಬಹುದೆಂದು ನೆನಪಿಸುವುದು.

ಇನ್ನೂ ಸೂಕ್ಷ್ಮದವು ಇವೆ. ಸೆಫ್ಟ್ರಿಯಾಕ್ಸೋನನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಬಾಟ್ಲಿಗೆ ಬೆರೆಸಬಾರದು, ಗಟ್ಟಿ ಕಣಗಳಾಗುತ್ತವೆ. ಹಸುಗೂಸುಗಳಿಗೆ ಅದು ಜೀವದ ಮೇಲೆ ಬರುವ ಸಂಗತಿ. ಸಿಸೇರಿಯನ್ನಿಗೆ ಆ್ಯಂಟಿಬಯಾಟಿಕ್ ಬೀಳಬೇಕಾದದ್ದು ಚಾಕು ಇಡುವ ಮುಂಚೆ. ಆ ಒಂದು ಡೋಸು ಹೊತ್ತಿಗೆ ಸರಿಯಾಗಿ ಬಿದ್ದರೆ, ಸೋಂಕಿನ ಬೇರೆ ಲಕ್ಷಣ ಇಲ್ಲದ ಬಾಣಂತಿಗೆ ವಾರಗಟ್ಟಲೆ ಸೂಜಿ ಬೇಕಿಲ್ಲ. ಇದೆಲ್ಲ ಡಾಕ್ಟರ ಬರಹದಲ್ಲಿ ಒಂದು ಸಾಲು, ನಮ್ಮ ಕೈಯಲ್ಲಿ ಹತ್ತು ನಿಮಿಷದ ಎಚ್ಚರ.

ಮನೆಗೆ ಕಳಿಸುವಾಗಿನ ಮಾತೂ ನಮ್ಮದೇ. ಮಕ್ಕಳ ಡ್ರೈ ಸಿರಪ್ ಕೈಗಿಟ್ಟು ಬಿಟ್ಟರೆ ಆಗುವುದಿಲ್ಲ. ಬನಹಟ್ಟಿಯ ನೇಕಾರ ತಾಯಿಯೊಬ್ಬಳು ಒಂದೇ ಬಾಟ್ಲಿಯನ್ನು ಇಬ್ಬರು ಮಕ್ಕಳಿಗೆ ಸಾಲಲಿ ಎಂದು ಗೆರೆಗಿಂತ ಮೇಲಕ್ಕೆ ನೀರು ಹಾಕಿದ್ದಳು. ಅವಳ ಎದುರೇ ಕಾಸಿ ಆರಿಸಿದ ನೀರನ್ನು ಗೆರೆಯವರೆಗೆ ತುಂಬಿ, ಅಲುಗಾಡಿಸಿ, ‘ವಾರ ಆದಮ್ಯಾಲ ಉಳದಿದ್ದ ಚೆಲ್ಲಬೇಕವ್ವಾ, ಇನ್ನೊಂದ ಕೂಸಿಗೆ ಕುಡಸಬ್ಯಾಡ’ ಎಂದು ತೋರಿಸಿದ ಮೇಲೆ ಅರ್ಥವಾಯಿತು. 2019ರ ಒಂದೇ ವರ್ಷ, ಔಷಧಕ್ಕೆ ಬಗ್ಗದ ರೋಗಾಣುಗಳಿಂದ ಜಗತ್ತಿನಲ್ಲಿ 12 ಲಕ್ಷ 70 ಸಾವಿರ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿದೆ. ಆ ಸಂಖ್ಯೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಬಾಟ್ಲಿ.

ಈಗಿನ ಹುಡುಗಿಯರು ನಮಗಿಂತ ಚೆನ್ನಾಗಿ ಓದಿ ಬರುತ್ತಾರೆ. ಔಷಧದ ಹೆಸರಿನ ಪಕ್ಕ ‘ದಿನ 3’, ‘ದಿನ 4’ ಎಂದು ತಾವೇ ಬರೆಯುತ್ತಾರೆ, ಡಾಕ್ಟರನ್ನು ಅಂಜದೆ ಕೇಳುತ್ತಾರೆ. ಅವರಿಗೆ ಬೇಕಾದದ್ದು ಎರಡು. ಕಲ್ಚರ್ ವರದಿ ಡಾಕ್ಟರ ಕೋಣೆಗೆ ಹೋಗುವಾಗ ಅದರ ಪ್ರತಿ ನರ್ಸುಗಳ ಟೇಬಲ್ಲಿಗೂ ಬರಬೇಕು. ರಾತ್ರಿ ಪಾಳಿಗೆ ಇನ್ನೊಂದು ಜೊತೆ ಕೈ ಬೇಕು. ಹೆರಿಗೆಯೂ, ಎಮರ್ಜೆನ್ಸಿಯೂ, ತುಂಬಿದ ವಾರ್ಡೂ ಒಬ್ಬಳ ಮೇಲೆಯೇ ಬಿದ್ದರೆ ಎರಡು ಗಂಟೆಯ ಡೋಸು ನಾಲ್ಕಕ್ಕೆ ಹೋಗುತ್ತದೆ. ಆಗ ಇನ್ನೊಂದು ರಿಜಿಸ್ಟರ್ ಕೊಟ್ಟು ತುಂಬಿಸಿಕೊಂಡರೆ ಏನೂ ಸಾಧಿಸಿದಂತಾಗುವುದಿಲ್ಲ.