ಪೆನ್ನಾಗರದ ಸಂತೆಯಲ್ಲಿ

ಹೊಗೆನಕಲ್ಲಿಗೆ ಹೋದವರು ಜಲಪಾತವನ್ನು ಕಂಡು, ಹರಿಗೋಲಿನಲ್ಲಿ ಸುತ್ತಿ, ಎಣ್ಣೆ ತಿಕ್ಕಿಸಿಕೊಂಡು ಮಿಂದು, ಹುರಿದ ಮೀನಿನ ರುಚಿ ನೋಡಿ ಮರಳುವುದು ವಾಡಿಕೆ. ಈ ಬಾರಿ ನಾವು ಧರ್ಮಪುರಿಯಿಂದ ಹೊರಟವರು ಜಲಪಾತಕ್ಕೆ ಮೊದಲು ಸಿಗುವ ಪೆನ್ನಾಗರದಲ್ಲಿ ಇಳಿದೆವು. ಅಂದು ಅಲ್ಲಿ ವಾರದ ಸಂತೆ.

ಸಂತೆಗೆ ಪರಿಚಯ ಬೇಕಿಲ್ಲ. ರಾಗಿ, ಹುರುಳಿ, ಅವರೆ, ಸೊಪ್ಪಿನ ಕಂತೆಗಳು, ಬೆಲ್ಲದ ಅಚ್ಚುಗಳು, ಗೋಣಿಯ ಮೇಲೆ ಸುರಿದ ಹುಣಸೆಹಣ್ಣು. ಒಂದು ಬದಿಗೆ ಆಡು ಕುರಿಗಳ ವ್ಯಾಪಾರ. ಅಲ್ಲಿ ದಲ್ಲಾಳಿಯೊಬ್ಬ ಕೊಳ್ಳುವವನ ಕೈಯನ್ನು ಟವೆಲಿನ ಮರೆಯಲ್ಲಿ ಹಿಡಿದು, ಬೆರಳುಗಳನ್ನು ಒತ್ತಿಯೇ ಬೆಲೆ ಹೇಳುತ್ತಿದ್ದ. ಆ ಲೆಕ್ಕಕ್ಕೆ ತಮಿಳೂ ಬೇಡ, ಕನ್ನಡವೂ ಬೇಡ.

ಆದರೆ ಉಳಿದ ಕಡೆ ಕಿವಿಗೊಟ್ಟವರಿಗೆ ಸಂತೆಯೇ ಪಾಠಶಾಲೆ. ಹೂ ಮಾರುವವಳು 'ಪೂ' ಎನ್ನುತ್ತಾಳೆ. ಹಾಲು ಅಲ್ಲಿ 'ಪಾಲ್', ಹುಳಿ 'ಪುಳಿ'. ಇವು ನಮ್ಮ ಹಳಗನ್ನಡದ ರೂಪಗಳೂ ಹೌದು. ನಮ್ಮ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು, ತಮಿಳು ಅದನ್ನು ಉಳಿಸಿಕೊಂಡಿತು. 'ಹೊಗೆ' ಕೂಡ ಹಿಂದೆ 'ಪೊಗೆ'ಯೇ. ತಮಿಳಿನಲ್ಲಿ ಅದು 'ಪುಗೈ'. ಹೀಗಿದ್ದೂ ಜಲಪಾತದ ಹೆಸರು ಮಾತ್ರ ಕನ್ನಡದ್ದೇ. ತಮಿಳು ಫಲಕಗಳಲ್ಲಿ ಅದು 'ಒಕೇನಕ್ಕಲ್' ಎಂದಾಗಿದೆ. ಹಕಾರ ಜಾರಿದರೂ ಕಲ್ಲಿನ ಮೇಲಿನ ಹೊಗೆ ಆರಿಲ್ಲ.

ಹುಣಸೆಹಣ್ಣಿನ ಮುಂದೆ ನಿಂತು ನಾವು ನಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದಾಗ, ಮಾರುತ್ತಿದ್ದ ಅಜ್ಜಿ ತಲೆಯೆತ್ತಿ, "ಈ ವರ್ಸದ್ದೇ ಕಣಮ್ಮ, ಬೀಜ ತೆಗೆದದ್ದು" ಎಂದರು. ಬೆರಗಾಗಿ ಕೇಳಿದೆವು. ಮನೆಯಲ್ಲಿ ಇದೇ ಮಾತಂತೆ. ಮೊಮ್ಮಕ್ಕಳು? "ತಿಳೀತದೆ. ತಿರುಗಿ ಹೇಳೋದು ತಮಿಳಿನಾಗೆ." ಓದುಬರಹ? "ಆ ಅಕ್ಷರ ನಮ್ಮನೇಲಿ ಯಾರೂ ಕಂಡಿಲ್ಲ." ದುಃಖದಿಂದಲ್ಲ, ತೂಕ ಹೇಳಿದಷ್ಟೇ ಸಹಜವಾಗಿ ಹೇಳಿ, ಒಂದು ಹಿಡಿ ಹೆಚ್ಚಿಗೆ ಹಾಕಿದರು.

ಅವರ ಮಾತು ಇಲ್ಲಿಗೆ ವಲಸೆ ಬಂದ ಅತಿಥಿಯಾಗಿರಬೇಕೆಂದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೊಳೆಯಾಚೆಯ ಕೊಳ್ಳೇಗಾಲ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈಚೆಯ ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. ಕಾವೇರಿ ಇಲ್ಲಿ ರಾಜ್ಯಗಳ ಗಡಿಯಾದದ್ದು ನಮ್ಮ ಹಿರಿಯರು ಕಂಡ ಕಾಲದಲ್ಲಿ. ಗಡಿ ನೀರಿನ ಮೇಲೆ ಬಿತ್ತು. ಮನೆಮಾತುಗಳು ಎರಡೂ ದಡಗಳಲ್ಲಿ ಇದ್ದಂತೆಯೇ ಉಳಿದವು.

ಇಂಥ ಸ್ಥಿತಿ ನಮಗೊಬ್ಬರಿಗೇ ಅಲ್ಲ. ದೂರದ ಬೊಲಿವಿಯಾದ ಎಲ್ ಆಲ್ಟೊ ನಗರದಲ್ಲಿ ಗುರುವಾರ ಮತ್ತು ಭಾನುವಾರ ಬೀದಿಬೀದಿಗೂ ಹರಡುವ ಸಂತೆಯಲ್ಲಿ ಐಮಾರ ಮನೆಮಾತಿನ ಹೆಂಗಸರು ಸ್ಪ್ಯಾನಿಷ್‌ನಲ್ಲೂ ವ್ಯಾಪಾರ ಮಾಡುತ್ತಾರೆ. ಸಂತೆಯಲ್ಲಿ ಎರಡು ನುಡಿ ಆಡುವುದು ಬಡತನವಲ್ಲ, ಸಿರಿ. ಕಳವಳ ಇರುವುದು ಮನೆಗೆ ಮರಳಿದ ಮೇಲೆ ಒಂದೇ ಉಳಿಯುವುದರಲ್ಲಿ.

ನಮ್ಮ ಸಂಘದ ಮಕ್ಕಳೂ ಆ ಮೊಮ್ಮಕ್ಕಳಂತೆಯೇ: ತಿಳಿಯುತ್ತದೆ, ತಿರುಗಿ ಹೇಳುವುದು ಬೇರೆ ನುಡಿಯಲ್ಲಿ. 'ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ' ಎಂಬ ಗಾದೆಯಂತೆ, ನವೆಂಬರ್ ಬಂದಾಗ ಮಾತ್ರ ನೆನಪಾಗುವ ಕನ್ನಡದಿಂದ ಅವರಿಗೆ ಅಕ್ಷರ ಕೂಡದು. ವಾರಕ್ಕೊಮ್ಮೆ ಮನೆಯ ಸಾಮಾನಿನ ಪಟ್ಟಿಯನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಸೋಣ: ರಾಗಿ, ಬೆಲ್ಲ, ಹುಣಸೆ. ತಪ್ಪಿದರೂ ಚಿಂತೆಯಿಲ್ಲ. ಸಂತೆಯಂತೆ ಅದು ಮುಂದಿನ ವಾರ ಮತ್ತೆ ಬರುತ್ತದೆ.