ಬೆಳ್ಳಿ ನಾಣ್ಯದ ಮೇಲಿನ ಅಣ್ಣತಮ್ಮಂದಿರು

ರೋಮ್ ನಗರದ ಟರ್ಮಿನಿ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಪಲಾಜೊ ಮಾಸ್ಸಿಮೊ ಎಂಬ ವಸ್ತುಸಂಗ್ರಹಾಲಯವಿದೆ. ಮಹಡಿಯ ಮೇಲೆ ಆಗಸ್ಟಸ್ ಚಕ್ರವರ್ತಿಯ ಹೆಂಡತಿ ಲಿವಿಯಾಳ ಮನೆಯ ಗೋಡೆಚಿತ್ರಗಳಿವೆ. ದಾಳಿಂಬೆ ಗಿಡ, ಹಕ್ಕಿ, ಹೂವು, ಕಣ್ಣಿಗೆ ತಂಪು. ನಾವು ಹೋದ ದಿನ ಜನವೆಲ್ಲ ಅಲ್ಲೇ. ನಾಣ್ಯಗಳಿರುವ ನೆಲಮಾಳಿಗೆ ಮಾತ್ರ ಖಾಲಿ.

“ದುಡ್ಡು ನೋಡೋಕೆ ದುಡ್ಡು ಕೊಟ್ಟು ಬರಬೇಕಾ?” ಎಂದು ನಮ್ಮವರು ಗೊಣಗಿದರು. ಆದರೂ ಇಳಿದು ಬಂದರು.

ದಿನಾರಿಯಸ್ ಎಂದರೆ ನಮ್ಮ ಹಳೆಯ ನಾಲ್ಕಾಣೆಯಷ್ಟಗಲದ ಬೆಳ್ಳಿ ನಾಣ್ಯ. ನಮ್ಮ ‘ದೀನಾರ’ ಎಂಬ ಮಾತು ಹುಟ್ಟಿದ್ದೂ ಅದರಿಂದಲೇ. ಆಗಸ್ಟಸ್ ಕ್ರಿ.ಪೂ. 2ರಿಂದ ಹೊರಡಿಸಿದ ಒಂದು ನಾಣ್ಯದಲ್ಲಿ ಒಂದು ಕಡೆ ಅವನ ಮುಖ, ಇನ್ನೊಂದು ಕಡೆ ಗುರಾಣಿ, ಭರ್ಜಿ ಹಿಡಿದು ನಿಂತ ಇಬ್ಬರು ಹುಡುಗರು. ನಡುವೆ ಒಂದು ಪೂಜೆಯ ಸೌಟು, ತುದಿ ಸುರುಳಿ ಸುತ್ತಿದ ಕೋಲು. ಸೌಟು ಕಂಡು ನನಗೆ ನಮ್ಮ ಉದ್ಧರಣೆ ನೆನಪಾಯಿತು! ಹುಡುಗರು ಗೈಯಸ್ ಮತ್ತು ಲೂಸಿಯಸ್, ಮಗಳು ಜೂಲಿಯಾಳ ಮಕ್ಕಳು. ಗಂಡುಮಕ್ಕಳಿಲ್ಲದ ಆಗಸ್ಟಸ್ ಮೊಮ್ಮಕ್ಕಳನ್ನೇ ದತ್ತು ತೆಗೆದುಕೊಂಡಿದ್ದ. ‘ನನ್ನ ನಂತರ ಇವರೇ’ ಎಂದು ಊರೂರಿಗೆ ಸಾರುವುದಕ್ಕೆ ನಾಣ್ಯಕ್ಕಿಂತ ಒಳ್ಳೆಯ ಡಂಗುರ ಯಾವುದು?

ಅದೇ ವರ್ಷ ಆಗಸ್ಟಸ್ ನಡತೆಗೆಟ್ಟವಳೆಂದು ಜೂಲಿಯಾಳನ್ನು ದ್ವೀಪವೊಂದಕ್ಕೆ ಅಟ್ಟಿದ. ಮಕ್ಕಳು ನಾಣ್ಯದ ಮೇಲೆ, ಹೆತ್ತವಳು ಸಮುದ್ರದ ನಡುವೆ. ಜೊತೆಗೆ ಹೋದವಳು ಅವಳ ತಾಯಿ ಸ್ಕ್ರಿಬೋನಿಯಾ, ಆಗಸ್ಟಸ್ ಎಂದೋ ಬಿಟ್ಟ ಹೆಂಡತಿ. ಯಾರ ಬಲವಂತವೂ ಇಲ್ಲ, ತಾನಾಗಿಯೇ ಹೋದಳಂತೆ. ಅವಳ ಚಿತ್ರವಿರುವ ನಾಣ್ಯವೊಂದು ಇರಬೇಕಿತ್ತು ಅನ್ನಿಸಿತು ನನಗೆ.

ಕ್ರಿ.ಶ. 2ರಲ್ಲಿ ಲೂಸಿಯಸ್ ತೀರಿಕೊಂಡ, 4ರಲ್ಲಿ ಗೈಯಸ್. ಕೊನೆಗೆ ಪಟ್ಟಕ್ಕೆ ಬಂದವನು ಲಿವಿಯಾಳ ಮೊದಲ ಗಂಡನಿಂದ ಹುಟ್ಟಿದ ಟೈಬೀರಿಯಸ್. ಅವನ ದಿನಾರಿಯಸ್ಸಿನಲ್ಲಿ ಕೊಂಬೆ ಹಿಡಿದು ಕೂತ ಹೆಂಗಸೊಬ್ಬಳಿದ್ದಾಳೆ. ಅವಳು ಲಿವಿಯಾಳೇ ಎಂದು ಬಹಳ ವಿದ್ವಾಂಸರ ಊಹೆ.

ಈ ಎರಡು ಬಗೆಯ ನಾಣ್ಯಗಳೂ ದಕ್ಷಿಣ ಭಾರತದಲ್ಲಿ ರಾಶಿರಾಶಿಯಾಗಿ ಸಿಕ್ಕಿವೆ. ಕಾರಣ ನಮ್ಮ ಕರಿಮೆಣಸು, ಮುತ್ತು, ತೆಳು ಬಟ್ಟೆ. ಒಂದು ರೋಮನ್ ಪೌಂಡು, ಅಂದರೆ ಸುಮಾರು 325 ಗ್ರಾಂ ಕರಿಮೆಣಸಿಗೆ 4 ದಿನಾರಿಯಸ್ ಎಂದು ಪ್ಲಿನಿ ಬರೆದಿಟ್ಟಿದ್ದಾನೆ. ಸಿಪಾಯಿಯ ವರ್ಷದ ಸಂಬಳವೇ 225! ನಮ್ಮ ಹಣವೆಲ್ಲ ಭೋಗಕ್ಕೆ, ಹೆಂಗಸರಿಗೆ ಹೋಯಿತೆಂದು ಅವನ ಗೋಳು ಬೇರೆ. ಮೆಣಸು ಹಾಕಿದ ಮಾಂಸ ಗಂಡಸರು ತಿನ್ನುತ್ತಿರಲಿಲ್ಲವೇನೋ!

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂಥ ನೂರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಅಗೆದಾಗ ಆಗಸ್ಟಸ್, ಟೈಬೀರಿಯಸ್ ಇಬ್ಬರ ನಾಣ್ಯಗಳೂ ಶಾತವಾಹನರ ಸೀಸದ ನಾಣ್ಯಗಳೂ ಹೊರಬಂದವು.